ಒಂದು ಗುಟುಕು ನೀರು

ನಿನ್ನೆ ಅಮ್ಮನ ಆಪರೇಷನ್ ಆಯಿತು. ಈಗ ಆರಾಮಾಗಿದ್ದಾರೆ. ನನ್ನ ಕಣ್ಣ ಮುಂದೆ ಇನ್ನೂ ಇರುವುದು ಅವರ ಒಣಗಿದ ತುಟಿ.

"ರಾತ್ರಿ 12ರ ಮೇಲೆ ಏನೂ ಕೊಡಬೇಡಿ" ಅಂತ ಆಸ್ಪತ್ರೆಯವರು ಹೇಳಿದ್ದರು. ಬೆಳಿಗ್ಗೆ 8ಕ್ಕೆ ಅಂದದ್ದು ಮಧ್ಯಾಹ್ನ 2ಕ್ಕೆ ಹೋಯಿತು. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಾ ಕೂತಿದ್ದೆ. "ಒಂದೇ ಒಂದು ಗುಟುಕು ಕೊಡೋ" ಅಂದರು. ಕೊಡಲಿಲ್ಲ. ಹೆದರಿಕೆ.

ಅರಿವಳಿಕೆ ಡಾಕ್ಟರ್ ಬಂದು, "ನೀರು ಯಾವಾಗ ಕುಡಿದ್ರಿ ಅಮ್ಮಾ?" ಅಂತ ಕೇಳಿದರು. ನಿನ್ನೆ ರಾತ್ರಿ ಅಂದಾಗ ಅವರಿಗೇ ಬೇಜಾರಾಯಿತು. "ಇವರಿಗೆ ಮಧ್ಯಾಹ್ನ 12 ಗಂಟೆವರೆಗೂ ನೀರು ಕೊಡಬಹುದಿತ್ತಲ್ಲ!"

ಆಮೇಲೆ ಬಿಡಿಸಿ ಹೇಳಿದರು. ಅರಿವಳಿಕೆಯಲ್ಲಿ ಕೆಮ್ಮುವ, ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಹಗುರ ಊಟವಾದರೆ 6 ಗಂಟೆ ಬಿಡಬೇಕು, ಕರಿದದ್ದು, ಮಾಂಸ ಆದರೆ ಇನ್ನೂ ಜಾಸ್ತಿ. ಹಾಲು ಕೂಡ ಊಟದ ಲೆಕ್ಕವೇ. ಬರೀ ನೀರು ಹೊಟ್ಟೆಯಿಂದ ಬೇಗ ಇಳಿದುಹೋಗುತ್ತದೆ, 2 ಗಂಟೆ ಸಾಕು. ಅಮೆರಿಕದ ಅರಿವಳಿಕೆ ತಜ್ಞರ ಸಂಘ ಇದನ್ನು 1999ರಲ್ಲೇ ಬರೆದಿಟ್ಟಿದೆಯಂತೆ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ತುರ್ತು ಆಪರೇಷನ್ ಆಗುವವರಿಗೆ ಲೆಕ್ಕ ಬೇರೆ ಇರಬಹುದು.

ಇಷ್ಟು ವರ್ಷವಾದರೂ ಸುಮ್ನೆ "ರಾತ್ರಿಯಿಂದ ಏನೂ ಬೇಡ" ಅನ್ನುವುದು ನಿಂತಿಲ್ಲ. ನಾವೂ ಯಾಕೆ ಅಂತ ಕೇಳುವುದಿಲ್ಲ, ಅಲ್ವಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ, ಊಟ ಎಷ್ಟಕ್ಕೆ ನಿಲ್ಲಿಸಬೇಕು, ನೀರು ಎಷ್ಟಕ್ಕೆ ಅಂತ ಬೇರೆ ಬೇರೆಯಾಗಿ ಕೇಳಿ. ಸಮಯ ಮುಂದೆ ಹೋದರೆ ಮತ್ತೆ ಕೇಳಿ.

ರಾತ್ರಿ ಚಮಚದಲ್ಲಿ ನೀರು ಕೊಟ್ಟೆ. ಅಮ್ಮ ಕಣ್ಣು ಮುಚ್ಚಿಕೊಂಡು ಕುಡಿದರು.