ಪ್ರಾರ್ಥನಾ ವಿನಂತಿಯ ವೇಷದಲ್ಲಿ ಬಂದ ಸುಳ್ಳು

ಇಮೇಲ್ ಪತ್ರದ ತಲೆಬರಹ ‘ದಯವಿಟ್ಟು ಪ್ರಾರ್ಥಿಸಿ’ ಎಂದಿತ್ತು. 2008ರ ಸೆಪ್ಟೆಂಬರ್ ಕೊನೆ, ಅಮೆರಿಕದ ಅಧ್ಯಕ್ಷ ಚುನಾವಣೆಗೆ ಇನ್ನು ಒಂದು ತಿಂಗಳ ಮೇಲೆ ಕೆಲವು ದಿನ. ಬರಾಕ್ ಒಬಾಮ ಗುಟ್ಟಾಗಿ ಮುಸ್ಲಿಂ, ಜಕಾರ್ತದ ಮದರಸಾದಲ್ಲಿ ಓದಿದವರು, ಸೆನೆಟರ್ ಆದಾಗ ಕುರಾನಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದವರು ಎಂದೆಲ್ಲ ಬರೆದು, ಇದನ್ನು ನಿಮಗೆ ಗೊತ್ತಿರುವ ಎಲ್ಲ ವಿಶ್ವಾಸಿಗಳಿಗೂ ಕಳುಹಿಸಿ ಎಂದು ಕೊನೆಯಲ್ಲಿ ಅಪ್ಪಣೆ ಕೊಟ್ಟಿದ್ದರು. ನನಗೆ ಅದನ್ನು ಕಳುಹಿಸಿದವರು ಒಹಾಯೊದ ನಮ್ಮ ಚರ್ಚ್ ಸಭೆಯ ಹಿರಿಯ ಹೆಂಗಸು. ನನ್ನ ಎರಡನೆಯ ಬಾಣಂತನದಲ್ಲಿ ಅಮ್ಮನಿಗೆ ವೀಸಾ ಸಿಗದೆ ಹೋದಾಗ ಮನೆಗೆ ಬಂದು ಮಗುವಿಗೆ ಸ್ನಾನ ಮಾಡಿಸಿ, ನನಗೆ ಸೂಪು ಕಾಯಿಸಿಕೊಟ್ಟವರು. ದುಷ್ಟರು ಸುಳ್ಳು ಹೇಳಿದರೆ ಉತ್ತರಿಸುವುದು ಸುಲಭ. ಇವರಿಗೆ ಏನು ಹೇಳುವುದು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಒಬಾಮ ಅವರ ಅಭಿಮಾನಿಯಲ್ಲ. ಗರ್ಭಪಾತದ ವಿಷಯದಲ್ಲಿ ಅವರ ನಿಲುವನ್ನು ನಾನು ಒಪ್ಪಲಿಲ್ಲ. ನನ್ನ ಮತ ಅವರ ಎದುರಾಳಿ ಜಾನ್ ಮೆಕೇನ್ ಅವರಿಗೆ ಹೋಯಿತು. ಆದರೆ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಗೆ ‘ನೀನು ಮತ ಹಾಕುವವನ ವಿಷಯದಲ್ಲಿ ಮಾತ್ರ’ ಎಂಬ ತಿದ್ದುಪಡಿ ಇದ್ದದ್ದನ್ನು ಉಡುಪಿಯ ಸಂಡೇ ಸ್ಕೂಲಿನಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಪರೀಕ್ಷಿಸಿ ನೋಡುವುದಕ್ಕೆ ಒಂದು ಸಂಜೆ ಸಾಕಾಯಿತು. 2007ರ ಜನವರಿಯಲ್ಲೇ ಸಿಎನ್‌ಎನ್ ವರದಿಗಾರರು ಜಕಾರ್ತಕ್ಕೆ ಹೋಗಿ, ಪತ್ರದಲ್ಲಿ ಮದರಸಾ ಎಂದದ್ದು ಬೇರೆ ಬೇರೆ ಧರ್ಮದ ಮಕ್ಕಳು ಓದುವ ಸಾಮಾನ್ಯ ಸರ್ಕಾರಿ ಶಾಲೆ ಎಂದು ತೋರಿಸಿದ್ದರು. ಅದಕ್ಕೂ ಮೊದಲು ಒಬಾಮ ಓದಿದ್ದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿನ ಕ್ಯಾಥೊಲಿಕ್ ಶಾಲೆಯಲ್ಲಿ. ಕುರಾನಿನ ಮೇಲೆ ಕೈಯಿಟ್ಟವರು ಮಿನೆಸೋಟದ ಸಂಸದ ಕೀತ್ ಎಲಿಸನ್. ಆ ಪ್ರತಿಯೂ ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಸ್ವಂತ ಗ್ರಂಥಸಂಗ್ರಹದ್ದು. 1800ರ ಚುನಾವಣೆಯಲ್ಲಿ ನಾಸ್ತಿಕ ಎಂಬ ಹಣೆಪಟ್ಟಿ ಹೊತ್ತು ಗೆದ್ದವರು ಅದೇ ಜೆಫರ್ಸನ್! ಒಬಾಮ ಮಾತ್ರ 1988ರಲ್ಲಿ ಷಿಕಾಗೋದ ಟ್ರಿನಿಟಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನಲ್ಲಿ ದೀಕ್ಷಾಸ್ನಾನ ಪಡೆದು, ಸುಮಾರು ಇಪ್ಪತ್ತು ವರ್ಷ ಅಲ್ಲಿಯೇ ಸದಸ್ಯರಾಗಿದ್ದವರು. ನಗು ಬಂದದ್ದು ಇಲ್ಲಿ. 2008ರ ಮಾರ್ಚಿನಲ್ಲಿ ಅವರ ಸಭಾಪಾಲಕ ಜೆರೆಮಾಯ ರೈಟ್ ಅವರು ಅಮೆರಿಕವನ್ನು ಖಂಡಿಸಿದ ಪ್ರಸಂಗಗಳ ತುಣುಕುಗಳನ್ನು ಟಿವಿಯಲ್ಲಿ ನೋಡಿ, ಇಂಥ ಪಾಸ್ಟರ ಕೈಕೆಳಗೆ ಇಷ್ಟು ವರ್ಷ ಕೂತಿದ್ದಾನಲ್ಲ ಎಂದು ಕೆಂಡ ಕಾರಿದವರಲ್ಲಿ ಕೆಲವರು ಈಗ ಅವರನ್ನು ಮಸೀದಿಗೆ ಕಳುಹಿಸುತ್ತಿದ್ದರು. ಒಬ್ಬನೇ ಮನುಷ್ಯ ಎರಡೂ ಕಡೆ ತಪ್ಪಿತಸ್ಥ.

ಇನ್ನೊಂದು ವಿಷಯವನ್ನು ಪ್ರಾಟೆಸ್ಟೆಂಟಳಾಗಿ ನಾನು ಒಪ್ಪಲೇಬೇಕು. ಇಂಥ ವದಂತಿಗಳ ಕಾರ್ಖಾನೆ ಹಲವು ಬಾರಿ ನಮ್ಮ ಅಂಗಳದಲ್ಲೇ ಇತ್ತು. 1928ರಲ್ಲಿ ಕ್ಯಾಥೊಲಿಕರಾದ ಆಲ್ ಸ್ಮಿತ್ ಸ್ಪರ್ಧಿಸಿದಾಗ, ನ್ಯೂಯಾರ್ಕಿನ ಹಾಲೆಂಡ್ ಸುರಂಗದ ಚಿತ್ರವನ್ನೇ ತೋರಿಸಿ ಇದು ವ್ಯಾಟಿಕನ್‌ಗೆ ಹೋಗುವ ದಾರಿ ಎಂದು ಜನರನ್ನು ಹೆದರಿಸಿದ್ದರು. 1960ರಲ್ಲಿ ಕ್ಯಾಥೊಲಿಕರೇ ಆದ ಕೆನಡಿಯವರು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಬೋಧಕರ ಮುಂದೆ ನಿಂತು ಸಮಜಾಯಿಷಿ ಕೊಡಬೇಕಾಯಿತು. ಅಧಿಕಾರಕ್ಕೆ ಧರ್ಮದ ಪರೀಕ್ಷೆ ಇರಕೂಡದು ಎಂದು ಅಮೆರಿಕದ ಸಂವಿಧಾನದ ಆರನೆಯ ವಿಧಿಯಲ್ಲಿ ಬರೆದಿದ್ದರೂ ಆ ಪರೀಕ್ಷೆ ಬೀದಿಯಲ್ಲಿ ನಡೆದೇ ನಡೆಯುತ್ತದೆ.

ಆದರೆ ನಾನು ಸುಮ್ಮನಿರಲಾರದೆ ಹೋದದ್ದಕ್ಕೆ ಕಾರಣ ಊರಿನಲ್ಲಿತ್ತು. ಆ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು, ಉಡುಪಿ, ಚಿಕ್ಕಮಗಳೂರು ಕಡೆಯ ಚರ್ಚುಗಳು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಿತ್ತು. ಕ್ರೈಸ್ತರು ದುಡ್ಡು ಕೊಟ್ಟು ಮತಾಂತರ ಮಾಡುತ್ತಾರೆ ಎಂಬ ಮಾತು ಊರೆಲ್ಲ ಓಡಾಡುತ್ತಿತ್ತು. ರಾತ್ರಿ ಫೋನಿನಲ್ಲಿ ಅಮ್ಮ ಹೆದರಿದ ದನಿಯಲ್ಲೇ ಒಂದು ಸುದ್ದಿ ಹೇಳಿ ನಕ್ಕರು. ಯಾರೋ ಬಂದು ನಮ್ಮ ಮನೆಯ ಬಗ್ಗೆಯೂ ಹಾಗೇ ಅಂದಾಗ ಪಕ್ಕದ ಮನೆಯ ಅಕ್ಕ, ಬಂಟರ ಹೆಂಗಸು, ಗೇಟಿನಲ್ಲೇ ನಿಂತು ಕೇಳಿದರಂತೆ: “ಕೊಡಲಿಕ್ಕೆ ಇವರ ಹತ್ತಿರ ದುಡ್ಡು ಎಲ್ಲಿದೆ ಮಾರಾಯರೇ? ಹೋದ ತಿಂಗಳು ಮೋಟಾರು ಪಂಪು ರಿಪೇರಿಗೆ ನನ್ನ ಹತ್ತಿರ ಸಾಲ ತೆಗೆದುಕೊಂಡಿದ್ದಾರೆ.”

ಪ್ರಾಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರ ತಮ್ಮ ಚಿಕ್ಕ ಪ್ರಶ್ನೋತ್ತರಿಯಲ್ಲಿ ಸುಳ್ಳುಸಾಕ್ಷಿಯ ಆಜ್ಞೆಯನ್ನು ವಿವರಿಸುವಾಗ ಸುಳ್ಳಾಡದಿದ್ದರೆ ಸಾಕು ಎನ್ನುವುದಿಲ್ಲ. ನೆರೆಯವನ ಪರವಾಗಿ ಬಾಯಿ ತೆರೆಯಬೇಕು, ಅವನದ್ದನ್ನು ಒಳ್ಳೆಯ ಅರ್ಥದಲ್ಲಿ ತೆಗೆದುಕೊಳ್ಳಬೇಕು ಎನ್ನುತ್ತಾರೆ. ನಮ್ಮ ಅಕ್ಕ ಲೂಥರನ ಹೆಸರನ್ನೂ ಕೇಳಿದವರಲ್ಲ. ಅವರು ನಮಗೆ ಮಾಡಿದ್ದನ್ನು ನಾನು ಒಬಾಮಗೆ ಮಾಡದಿದ್ದರೆ ಹೇಗೆ?

ಪತ್ರ ಬಂದ ವಿಳಾಸಗಳಿಗೆಲ್ಲ ಒಟ್ಟಿಗೆ ಉತ್ತರ ಬರೆದು ಆ ಹಿರಿಯರನ್ನು ನಾಲ್ಕು ಜನರ ಮುಂದೆ ಸಣ್ಣವರನ್ನಾಗಿ ಮಾಡಬಹುದಿತ್ತು. ತಪ್ಪು ಮಾಡಿದವನೊಂದಿಗೆ ಮೊದಲು ಒಬ್ಬನೇ ಹೋಗಿ ಮಾತಾಡು ಎಂದು ಬೈಬಲಿನ ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆಯಲ್ಲ, ಹಾಗಾಗಿ ಮನೆಗೆ ಹೋದೆ. “ನಾನೇನೂ ಬರೆಯಲಿಲ್ಲ, ಪ್ರಾರ್ಥನೆಗೆಂದು ಕಳುಹಿಸಿದೆ ಅಷ್ಟೆ” ಎಂದರು. ಪ್ರಾರ್ಥನೆ ಎಂದ ಮೇಲೆ ಸುಳ್ಳಿನ ಮೈಮೇಲೆ ಬಿಳಿ ಬಟ್ಟೆ ಬಂದುಬಿಡುತ್ತದೆ, ಯಾರೂ ಮುಟ್ಟಲು ಹೋಗುವುದಿಲ್ಲ. ಮಂಗಳೂರಿನ ಸುದ್ದಿ ಹೇಳಿದೆ. ಅದನ್ನು ಕೇಳಿ ಕಣ್ಣೀರು ಹಾಕಿದರು, ಒಬಾಮ ವಿಷಯಕ್ಕೆ ಬಂದಾಗ ಮಾತ್ರ “ಆದರೂ ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ” ಎಂದರು. ನಮ್ಮ ಮನೆಯ ವಿಷಯದಲ್ಲೂ ಊರವರು ಇದನ್ನೇ ಹೇಳಿದ್ದು, ಎಂದೆ. ಆ ವಾರವೇ ಅವರು ಅದೇ ವಿಳಾಸಗಳಿಗೆ ಒಂದು ತಿದ್ದುಪಡಿ ಕಳುಹಿಸಿದರು. ಒಂದೇ ಸಾಲು, ಗಡುಸಾಗಿಯೇ ಇತ್ತು. ಇರಲಿ.

ಅಕ್ಟೋಬರ್ 10ರಂದು ಮಿನೆಸೋಟದ ಲೇಕ್‌ವಿಲ್‌ನಲ್ಲಿ ಹೆಂಗಸೊಬ್ಬಳು ಒಬಾಮ ಅರಬ್ ಎಂದಾಗ ಮೆಕೇನ್ ತಲೆಯಾಡಿಸಿ ಮೈಕು ತೆಗೆದುಕೊಂಡರು. ಇಲ್ಲ, ಅವರು ಸಭ್ಯ ಸಂಸಾರಸ್ಥ, ಭಿನ್ನಾಭಿಪ್ರಾಯಗಳಷ್ಟೇ ನಮ್ಮ ನಡುವೆ ಇರುವುದು ಎಂಬರ್ಥದಲ್ಲಿ ಉತ್ತರಿಸಿದರು. ಸ್ವಂತ ಬೆಂಬಲಿಗರ ಮುಂದೆ ಹಾಗೆ ಹೇಳುವುದು ಸಣ್ಣ ಮಾತಲ್ಲ; ನನ್ನ ಅಭ್ಯರ್ಥಿಯ ಬಗ್ಗೆ ಹೆಮ್ಮೆಯಾಯಿತು. ಆದರೆ ಅರಬ್ಬನಾದವನು ಸಭ್ಯ ಸಂಸಾರಸ್ಥನಾಗಿರಲಾರನೇ? ಆ ಮುಳ್ಳನ್ನು ತೆಗೆದವರು ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್. ಒಂಬತ್ತು ದಿನಗಳ ನಂತರ ಟಿವಿ ಸಂದರ್ಶನದಲ್ಲಿ ಅವರು, ಒಬಾಮ ಕ್ರೈಸ್ತರೇ, ಆದರೆ ಮುಸ್ಲಿಂ ಆಗಿದ್ದರೆ ತಾನೇ ಏನು ತಪ್ಪು ಎಂದು ಕೇಳಿ, ಇರಾಕಿನಲ್ಲಿ ಮಡಿದ ಅಮೆರಿಕನ್ ಮುಸ್ಲಿಂ ಸೈನಿಕನ ಸಮಾಧಿಯ ಬಳಿ ಅವನ ತಾಯಿ ಕೂತ ಚಿತ್ರದ ಬಗ್ಗೆ ಹೇಳಿದರು. ಆ ವದಂತಿಯಲ್ಲಿ ಸುಳ್ಳುಸಾಕ್ಷಿಗೆ ಗುರಿಯಾದವರು ಇಬ್ಬರು. ಒಬ್ಬರು ಒಬಾಮ. ಇನ್ನೊಬ್ಬರು ಅದನ್ನು ಬೈಗುಳದಂತೆ ಕೇಳಿಸಿಕೊಳ್ಳಬೇಕಾದ ಮುಸ್ಲಿಮರು. ‘ಅಯ್ಯೋ, ಅವರು ನಮ್ಮವರೇ’ ಎಂದಷ್ಟೇ ಹೇಳಿದರೆ ಮೊದಲನೆಯವರಿಗೆ ನ್ಯಾಯ ಸಿಗುತ್ತದೆ, ಎರಡನೆಯವರಿಗೆ ಇನ್ನೊಂದು ಏಟು ಬೀಳುತ್ತದೆ. ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಇದನ್ನು ಹೇಳಿದಾಗ ಯಾರಿಗೂ ರುಚಿಸಲಿಲ್ಲ.

ಒಬಾಮ ಗೆದ್ದ ಮೇಲೂ ವದಂತಿ ಸಾಯಲಿಲ್ಲ. ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ 2009ರ ಮಾರ್ಚಿನಲ್ಲಿ ಶೇ 11ರಷ್ಟು ಜನ ಅವರನ್ನು ಮುಸ್ಲಿಂ ಎಂದಿದ್ದರು. 2010ರ ಆಗಸ್ಟಿನಲ್ಲಿ ಶೇ 18.

ನಮ್ಮ ಹಿರಿಯರಿಗೆ ಮರುವರ್ಷ ಇನ್ನೊಂದು ಪತ್ರ ಬಂತು, ಒಬಾಮ ಹುಟ್ಟಿದ್ದು ಅಮೆರಿಕದಲ್ಲಲ್ಲ ಎಂದು. ಈ ಸಲ ಮುಂದೆ ಕಳುಹಿಸುವ ಮೊದಲು ನನಗೆ ಫೋನ್ ಮಾಡಿದರು. 1961ರ ಆಗಸ್ಟಿನಲ್ಲೇ ಹೊನೊಲುಲುವಿನ ಎರಡು ಪತ್ರಿಕೆಗಳು ಆ ಜನನವನ್ನು ಪ್ರಕಟಿಸಿವೆ ಎಂದೆ.

“ಹಾಗಾದರೆ ಅಳಿಸುತ್ತೇನೆ.”

“ಕಳುಹಿಸಿದವರಿಗೂ ಒಂದು ಸಾಲು ಬರೆಯಿರಿ.”

“ಕಳುಹಿಸಿದವನು ನನ್ನ ತಮ್ಮ. ಬರೆದರೆ ಕ್ರಿಸ್‌ಮಸ್‌ಗೆ ಮನೆಗೆ ಬರುವುದಿಲ್ಲ.”

“ಹಾಗಾದರೆ ಬರೆಯಬೇಡಿ, ಹೋಗಿ ಮಾತಾಡಿ” ಎಂದೆ.