ಮುಮ್ಮಿದುಳಿನಲ್ಲಿ ಇನ್ನೊಂದು ನಡುಮಿದುಳು: ಎಫ್‌ಜಿಎಫ್8 ಮಣಿ, ಮೂರನೇ ಸುತ್ತು

ಎಫ್‌ಜಿಎಫ್8 ಪ್ರೋಟೀನ್ ಹೀರಿಕೊಂಡ ಮಣಿಯನ್ನು ಕೋಳಿ ಭ್ರೂಣದ ಮುಮ್ಮಿದುಳಿನ ಹಿಂಭಾಗದಲ್ಲಿ ಕೂರಿಸಿದರೆ ಅಲ್ಲಿ ನಡುಮಿದುಳು ಬೆಳೆಯತೊಡಗುತ್ತದೆ. 1996ರಲ್ಲಿ ಕ್ರಾಸ್ಲಿ, ಮಾರ್ಟಿನೆಜ್ ಮತ್ತು ಮಾರ್ಟಿನ್ ಇದನ್ನು ತೋರಿಸಿಕೊಟ್ಟರು. ನಡುಮಿದುಳು ಮತ್ತು ಹಿಮ್ಮಿದುಳಿನ ಗಡಿಯಿಂದ ಸಹಜವಾಗಿ ಹೊರಡುವ ಸಂಕೇತವೂ ಇದೇ. ಗಡಿಯ ಮುಂದೆ ಓಟಿಎಕ್ಸ್2 ಜೀನ್, ಹಿಂದೆ ಜಿಬಿಎಕ್ಸ್2 ಜೀನ್. ಎರಡೂ ಒಂದನ್ನೊಂದು ಅದುಮಿ ಗೆರೆಯನ್ನು ಉಳಿಸಿಕೊಳ್ಳುತ್ತವೆ.

ಅದೇ ಪ್ರಯೋಗದ ನಮ್ಮ ಮೂರನೇ ಸುತ್ತಿಗೆ ಮೊಟ್ಟೆಗಳನ್ನು ಅಡ್ಡಲಾಗಿ ಮಲಗಿಸಿ 38 ಡಿಗ್ರಿಯಲ್ಲಿ ಸುಮಾರು 36 ಗಂಟೆ ಕಾವು ಕೊಟ್ಟದ್ದಾಯಿತು. ಗಂಟೆಯನ್ನು ನಂಬಬಾರದು, ತಣ್ಣಗಿದ್ದ ಮೊಟ್ಟೆ ಹಿಂದೆ ಬೀಳುತ್ತದೆ. ಸೊಮೈಟ್ (ಭ್ರೂಣದ ಬೆನ್ನುದ್ದಕ್ಕೂ ಜೋಡಿಯಾಗಿ ಮೂಡುವ ಗಂಟು) ಎಣಿಸಿ, 10 ಇದ್ದದ್ದನ್ನೇ ತೆಗೆದುಕೊಳ್ಳಬೇಕು. ಮೊಂಡು ತುದಿಯಿಂದ 2–3 ಮಿ.ಲೀ. ಬಿಳಿಭಾಗ ಎಳೆದ ಮೇಲೆಯೇ ಚಿಪ್ಪು ಕತ್ತರಿಸಿ. ಇಲ್ಲದಿದ್ದರೆ ಚಿಪ್ಪಿಗೆ ಒತ್ತಿಕೊಂಡ ಭ್ರೂಣಕ್ಕೆ ಕತ್ತರಿ ತಾಗುತ್ತದೆ.

ಮಣಿ ಹೆಪಾರಿನ್-ಅಕ್ರಿಲಿಕ್ ಜಾತಿಯದು, ಸುಮಾರು 100 ಮೈಕ್ರಾನ್. 1 ಮಿ.ಗ್ರಾಂ/ಮಿ.ಲೀ. ಎಫ್‌ಜಿಎಫ್8ಬಿಯ (ಈ ಪ್ರೋಟೀನಿನ ಬಿ ರೂಪ) 5 ಮೈಕ್ರೊಲೀಟರ್ ಹನಿಯಲ್ಲಿ ಒಂದು ಗಂಟೆ ನೆನೆಯಬೇಕು. ಹನಿ ಆರದಂತೆ ತಟ್ಟೆಯ ಅಂಚಿನಲ್ಲಿ ಒದ್ದೆ ಹತ್ತಿ ಇರಲಿ. ನಿಯಂತ್ರಣಕ್ಕೆ, ಅಂದರೆ ಹೋಲಿಕೆಗೆ, ಬರೀ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರು) ನೆನೆದ ಮಣಿ.

ಹಿಂದಿನ ಎರಡು ಸುತ್ತು ಕೆಟ್ಟದ್ದು ಮಣಿ ಕೂರಿಸುವಾಗಲೇ. ಸೀಳು ದೊಡ್ಡದಾದರೆ ಮಣಿ ನರನಾಳದ (ಮುಂದೆ ಮಿದುಳಾಗುವ ಕೊಳವೆ) ಒಳಗೆ ಜಾರಿ, ಎಲ್ಲಿ ನಿಂತಿತೆಂದೇ ತಿಳಿಯುವುದಿಲ್ಲ. ಈ ಸಲ ಟಂಗ್‌ಸ್ಟನ್ ಸೂಜಿಯಿಂದ ಮಣಿಗಿಂತ ಕಿರಿದಾದ ಸೀಳು ಹಾಕಿ, ಮಣಿಯನ್ನು ಗೋಡೆಯೇ ಕಚ್ಚಿಕೊಳ್ಳುವಂತೆ ಒತ್ತಲಾಯಿತು. ಭ್ರೂಣದಡಿ ಪಿಬಿಎಸ್‌ನಲ್ಲಿ ತೆಳುಮಾಡಿದ ಇಂಡಿಯಾ ಇಂಕ್ ಬಿಟ್ಟದ್ದರಿಂದ ಕಪ್ಪು ಹಿನ್ನೆಲೆಯಲ್ಲಿ ಸೀಳಿನ ತುಟಿಗಳೂ ಕಾಣುತ್ತವೆ. ನಂತರ ಟೇಪ್ ಅಂಟಿಸಿ, ಗಾಳಿ ನುಸುಳದಂತೆ ಅಂಚು ಒತ್ತಿ, ಮತ್ತೆ ಕಾವಿಗೆ.

24 ಗಂಟೆಯ ನಂತರ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ರಾತ್ರಿಯಿಡೀ, ಆಮೇಲೆ ಇನ್ ಸಿಟು: ಜೀನಿನ ಆರ್‌ಎನ್‌ಎಗೆ ಅಂಟುವ ಪ್ರೋಬ್ ಹಾಕಿ, ಅದನ್ನು ಪ್ರತಿಕಾಯದಿಂದ ಹಿಡಿದು, ಜೀನ್ ಎಲ್ಲಿ ಎದ್ದಿದೆಯೆಂದು ಬಣ್ಣದಲ್ಲಿ ತೋರಿಸುವ ವಿಧಾನ. ಬಣ್ಣ ತೋರಿಸುವಾಗ ಮಿದುಳಿನ ಟೊಳ್ಳೆಲ್ಲ ನೇರಳೆಯಾದರೆ ಅದು ಜೀನ್ ಅಲ್ಲ, ಒಳಗೆ ಸಿಕ್ಕಿಬಿದ್ದ ಪ್ರೋಬ್ ಮತ್ತು ಪ್ರತಿಕಾಯ. ಪ್ರೋಬ್ ಹಾಕುವ ಮುಂಚೆ ಹಿಮ್ಮಿದುಳಿನ ತೆಳು ಚಾವಣಿಯನ್ನು ಸೂಜಿಯಿಂದ ತೆರೆದಿಟ್ಟರೆ ತೊಳೆಯುವ ನೀರು ಒಳಗೂ ಆಡುತ್ತದೆ. ಇದೊಂದನ್ನು ಯಾರೂ ಬಿಡಬಾರದು.

ಈ ಸುತ್ತಿನಲ್ಲಿ ಮಣಿಯ ಸುತ್ತ ಎನ್2 (ನಡುಮಿದುಳಿನ ಗುರುತಾದ ಜೀನ್) ಉಂಗುರದಂತೆ ಹತ್ತಿದೆ, ಪಿಬಿಎಸ್ ಮಣಿಯ ಸುತ್ತ ಏನೂ ಇಲ್ಲ. ಮಣಿಗೆ ತೀರ ಹತ್ತಿರ ಓಟಿಎಕ್ಸ್2 ಅಳಿಸಿದಂತಿದೆ. ಅದು ತಪ್ಪಲ್ಲ: ಬಿ ರೂಪದ ಸಂಕೇತ ಬಲವಾದದ್ದು, ಪ್ರಮಾಣ ಹೆಚ್ಚಿದಲ್ಲಿ ಅಂಗಾಂಶವನ್ನು ಹಿಮ್ಮಿದುಳಿನ ಕಡೆಗೇ ತಳ್ಳುತ್ತದೆ. ಎ ರೂಪ ಅಷ್ಟು ಬಲದ್ದಲ್ಲ.

ಮುಂದಿನ ಸುತ್ತಿಗೆ ಮಣಿ ಇನ್ನೂ ಮುಂದಕ್ಕೆ, ಸಿಕ್ಸ್3 ಜೀನ್ ಇರುವ ಪ್ರದೇಶಕ್ಕೆ. ಐಆರ್‌ಎಕ್ಸ್3 ಜೀನ್ ಇರುವ ಹಿಂಬದಿ ಮಾತ್ರ ಈ ಸಂಕೇತಕ್ಕೆ ಎನ್2 ಎಬ್ಬಿಸುತ್ತದೆ. ಮುಂಬದಿ ಮುಮ್ಮಿದುಳಿನ ಗುರುತಾದ ಫಾಕ್ಸ್‌ಜಿ1 ಜೀನಿನಿಂದ ಉತ್ತರಿಸಬೇಕು. ಎರಡಕ್ಕೂ ಪ್ರೋಬ್ ಸಿದ್ಧವಾಗುತ್ತಿದೆ.