‘ಏನಾದ್ರೂ ಟ್ರಿಕ್ ಹೇಳಿ ಅಕ್ಕ’ ಅನ್ನುವವರಿಗೆ

ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಪಾಸಾದಾಗ ನನಗೆ 29. ಓದಿದ್ದು ಬಿಎ. ಎಸ್ಸೆಸ್ಸೆಲ್ಸಿ ಆದಮೇಲೆ ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಹಾಗಾಗಿ ಸಿಕ್ಕವರೆಲ್ಲ ಕೇಳುವುದು ಒಂದೇ: ‘ಗಣಿತ ಹೇಗೆ ಮ್ಯಾನೇಜ್ ಮಾಡಿದ್ರಿ? ಶಾರ್ಟ್‌ಕಟ್ ಇದ್ರೆ ಹೇಳಿ.’ ಇಲ್ಲ. ಇದ್ದಿದ್ದರೆ ನಾನು ಎರಡು ಸಲ ಫೇಲ್ ಆಗುತ್ತಿರಲಿಲ್ಲ.

ಆ ಎರಡು ಸಲವೂ ಓದಿದ್ದು ಬರೀ ಶಾರ್ಟ್‌ಕಟ್‌ಗಳನ್ನೇ. ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನ ಪರೀಕ್ಷೆಯಲ್ಲಿ, ಗಣಿತಕ್ಕೆ 35 ಪ್ರಶ್ನೆ, 20 ನಿಮಿಷ. ಒಂದಕ್ಕೆ 34 ಸೆಕೆಂಡ್, ತಪ್ಪಿದರೆ ಕಾಲು ಅಂಕ ಕಡಿತ. ಆ ಗಡಿಬಿಡಿಯಲ್ಲಿ ಯಾವ ಲೆಕ್ಕಕ್ಕೆ ಯಾವ ಟ್ರಿಕ್ ಅನ್ನುವುದೇ ಮರೆತುಹೋಗುತ್ತಿತ್ತು. 20% ರಿಯಾಯಿತಿ, ಅದರ ಮೇಲೆ ಇನ್ನೂ 10%, ಒಟ್ಟು ಎಷ್ಟು? 30 ಅಂತ ಒತ್ತಿ ಬಂದಿದ್ದೆ. ಆರು ವರ್ಷ ಸೀರೆ ಅಂಗಡಿಯಲ್ಲಿ ದುಡಿದವಳು ನಾನು. ದೀಪಾವಳಿ ಬಂದರೆ ಅದೇ ಬೋರ್ಡ್ ನಮ್ಮ ಬಾಗಿಲಲ್ಲೇ ನೇತಾಡುತ್ತಿತ್ತು. 100 ರೂಪಾಯಿ 80ಕ್ಕೆ ಇಳಿದು, ಆ 80ರಲ್ಲಿ 10% ಹೋಗಿ 72 ಆಗುತ್ತದೆ, ಸಿಗುವ ರಿಯಾಯಿತಿ 28% ಅಷ್ಟೇ. ಅದನ್ನು ಬಿಲ್ಲಿಂಗ್ ಮೆಷಿನ್ ಮಾಡುತ್ತಿತ್ತು, ನಾನು ಒಂದು ದಿನವೂ ಮಾಡಿರಲಿಲ್ಲ.

ಹೋದ ವರ್ಷ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪರಿಚಯದ ಹಿರಿಯರೊಬ್ಬರು ತಂಗಿಯ ಮಗಳನ್ನು ನನ್ನ ಪಕ್ಕ ಕೂರಿಸಿದರು. ‘ನೋಡಮ್ಮಾ, ಇವಳೂ ಬ್ಯಾಂಕ್ ಪರೀಕ್ಷೆ ಕಟ್ಟಿದ್ದಾಳೆ. ಗಣಿತ ತಲೆಗೇ ಹತ್ತಲ್ಲ. ಪಾಯಸ ಬರೋದ್ರೊಳಗೆ ಏನಾದ್ರೂ ಟ್ರಿಕ್ ಹೇಳಿಕೊಡು.’ ಹುಡುಗಿ ಎಲೆಯಿಂದ ಕಣ್ಣೆತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಜನರೆದುರು ಹಾಗಾ ಹೇಳುವುದು?

ಎಲೆಯ ಮೇಲೆ ಹೋಳಿಗೆ ಇತ್ತು. ‘ಅರ್ಧ ಹೋಳಿಗೆ, ಜತೆಗೆ ಮೂರನೇ ಒಂದು ಭಾಗ. ಒಟ್ಟು ಎಷ್ಟಾಯ್ತು?’ ಅಂದೆ.

‘ಐದನೇ ಎರಡು ಭಾಗ,’ ಅಂದಳು, ಮೆಲ್ಲಗೆ.

ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದಳು. ನಾನೂ 28ರ ತನಕ ಹಾಗೇ ಕೂಡುತ್ತಿದ್ದೆ. ‘ಐದನೇ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ? ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಕಮ್ಮಿ ಆಗುತ್ತಾ?’ ನನ್ನ ಹೋಳಿಗೆಯನ್ನು ಆರು ತುಂಡು ಮಾಡಿದೆ. ಅರ್ಧ ಅಂದರೆ ಮೂರು ತುಂಡು, ಮೂರನೇ ಒಂದು ಅಂದರೆ ಎರಡು. ಐದನ್ನು ಒಂದು ಕಡೆ ಸರಿಸಿ ಸುಮ್ಮನೆ ಕೂತೆ.

‘ಆರರಲ್ಲಿ ಐದು!’ ಅಂದಳು. ಈ ಸಲ ಮೆಲ್ಲಗಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ, ಅದನ್ನು ಕೇಳಿ: ಗಣಿತ ನಿನ್ನ ಕೈಬಿಟ್ಟಿದ್ದು ಯಾವ ತರಗತಿಯಲ್ಲಿ? ನನಗೆ ಐದರಲ್ಲಿ. ಅಮ್ಮನಿಗೆ ಆಪರೇಷನ್ ಆಗಿ ಎರಡು ತಿಂಗಳು ಅಜ್ಜಿ ಮನೆಯಲ್ಲಿದ್ದೆ. ವಾಪಸ್ ಬರುವಷ್ಟರಲ್ಲಿ ಭಿನ್ನರಾಶಿ ಮುಗಿದು ದಶಮಾಂಶ ಶುರುವಾಗಿತ್ತು. ಶೇಕಡಾ, ಅನುಪಾತ, ಬಡ್ಡಿ, ಕೆಲಸ ಮತ್ತು ಕಾಲ, ಎಲ್ಲದಕ್ಕೂ ಭಿನ್ನರಾಶಿ ಬೇಕು. ತಪ್ಪಿದ್ದು ಎರಡು ತಿಂಗಳ ಪಾಠ, ದಡ್ಡಿ ಅನ್ನಿಸಿಕೊಂಡಿದ್ದು 18 ವರ್ಷ. ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಮೂರನೇ ಸಲ ಸರ್ಕಾರದ ಐದನೇ ತರಗತಿ ಪುಸ್ತಕದಿಂದಲೇ ಹಿಡಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಎಂಟರ ತನಕ ಮುಗಿಸಲು ನಾಲ್ಕು ತಿಂಗಳು ಬೇಕಾಯಿತು. ಅಂಗಡಿಗೆ ಹೋಗುವ ಬಸ್ಸಿನಲ್ಲಿ 25ರ ತನಕ ಮಗ್ಗಿ, 30ರ ತನಕ ಸಂಖ್ಯೆಗಳ ವರ್ಗ. ಮಾಕ್ ಟೆಸ್ಟ್ ಕೊನೆಯ ಎರಡು ತಿಂಗಳು ಮಾತ್ರ. ಎಂಟನೇ ಒಂದು ಅಂದರೆ 12.5% ಅನ್ನುವಂಥ ಶಾರ್ಟ್‌ಕಟ್‌ಗಳು ಆಗ ಕೆಲಸಕ್ಕೆ ಬಂದವು, ಯಾಕೆ ಅಂತ ಗೊತ್ತಿದ್ದರಿಂದ.

ಮೊನ್ನೆ ಆ ಹುಡುಗಿ ನೋಟ್‌ಬುಕ್ಕಿನ ಫೋಟೊ ಕಳಿಸಿದ್ದಳು. ಏಳನೇ ತರಗತಿಯ ಶೇಕಡಾ ಲೆಕ್ಕ. ಒಂದು ತಪ್ಪಿತ್ತು, ಕೆಳಗೆ ಅವಳೇ ತಿದ್ದಿ ಸರಿಮಾಡಿದ್ದಳು.